ಗಂಡನ ಹೆಸರಿನ ಕಾಲಂ

ಮೊನ್ನೆ ಮಂಡಿನೋವು ತೋರಿಸೋಣವೆಂದು ಕೊಳ್ಳೇಗಾಲದ ಡಾಕ್ಟರೊಬ್ಬರ ಶಾಪಿಗೆ ಹೋಗಿದ್ದೆ. ಹೊರಗಿನ ಬೆಂಚು ತುಂಬಿತ್ತು. ಕಾಂಪೌಂಡರು ಬಾಗಿಲ ಸಂದಿಯಿಂದ ತಲೆ ಹೊರಗೆ ಹಾಕಿ "ಮಾದೇವಮ್ಮಾ" ಎಂದು ಕೂಗಿದರು. ಮೂವರು ಎದ್ದು ನಿಂತರು. ಅವರಲ್ಲೊಬ್ಬಳು ಆಗಲೇ ಚಪ್ಪಲಿ ಬಿಟ್ಟು ಹೊಸ್ತಿಲ ಹತ್ತಿರ ಹೋಗಿಬಿಟ್ಟಿದ್ದಳು.

"ಯಾವ ಮಾದೇವಮ್ಮ ಸಾ?"

"ಗಂಡನ ಹೆಸರು ಹೇಳ್ರವ್ವ, ಗೊತ್ತಾಗುತ್ತೆ."

ಮೂವರೂ ಸೆರಗನ್ನು ಬಾಯಿಗೆ ಹಿಡಿದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಮಂಡಿ ಮರೆತು ಜೋರಾಗಿ ನಕ್ಕುಬಿಟ್ಟೆ. ಪಕ್ಕದವರು ನನಗೆ ನೋವು ತಲೆಗೇರಿದೆ ಎಂದುಕೊಂಡಿರಬೇಕು. ನನಗೆ ನೆನಪಾದದ್ದು ಡೇಟಾಬೇಸು. ಮಂಡಿನೋವಿಗೂ ಡೇಟಾಬೇಸಿಗೂ ಏನು ಸಂಬಂಧ ಎನ್ನಬೇಡಿ, ಹೇಳುತ್ತೇನೆ.

ನೀವು ನಮ್ಮ ಕಡೆಯವರಲ್ಲದಿದ್ದರೆ ಇದೊಂದು ಮಾತು ಮೊದಲು ತಿಳಿದಿರಬೇಕು. ಹನೂರಿನ ಕಡೆ ಬೆಟ್ಟದ ಮಾದಪ್ಪನಿಗೆ ನಡೆದುಕೊಳ್ಳದ ಮನೆ ಕಡಿಮೆ. ಹಾಗಾಗಿ ಹುಟ್ಟಿದ ಗಂಡು ಮಾದೇವ, ಹೆಣ್ಣು ಮಾದೇವಮ್ಮ. ಯಳಂದೂರಿನ ಕಡೆ ಬನ್ನಿ, ಬಿಳಿಗಿರಿರಂಗನ ಬೆಟ್ಟ ಕಣ್ಣಿಗೆ ಕಾಣುತ್ತಿದ್ದಂತೆ ಎಲ್ಲರೂ ರಂಗಸ್ವಾಮಿ, ರಂಗಮ್ಮ. ಸಂಜೆ ಊಟಕ್ಕೆಂದು ತಾಯಿಯೊಬ್ಬಳು ಬಾಗಿಲಲ್ಲಿ ನಿಂತು "ಮಾದೇವಾ" ಎಂದರೆ ಅರ್ಧ ಬೀದಿ ಓಗೊಡುತ್ತದೆ. ಇದರಿಂದ ಯಾರಿಗೂ ತೊಂದರೆಯಿಲ್ಲ. ಗೂಡಂಗಡಿ ಮಾದೇವಮ್ಮ, ಕೆಂಪು ಮಾದೇವಮ್ಮ, ಮೂಲೆಮನೆ ಮಾದೇವಮ್ಮ ಎಂದು ಮನುಷ್ಯರು ಹೇಗೋ ನಿಭಾಯಿಸುತ್ತಾರೆ. ನಿಭಾಯಿಸಲಾರದ್ದು ಯಂತ್ರ.

ನಮ್ಮದೊಂದು ಹೆಂಗಸರ ಗುಂಪಿದೆ. ಹನೂರು, ಯಳಂದೂರು, ಕೊಳ್ಳೇಗಾಲ, ಮೂರೂ ತಾಲ್ಲೂಕಿನವರು ಇದ್ದೇವೆ. ಈಚಲು ಚಾಪೆ, ಅರಿಶಿನದ ಪುಡಿ, ಬಿದಿರಿನ ಮೊರ, ರೇಷ್ಮೆಬಟ್ಟೆಯ ಚೂರಿನಲ್ಲಿ ಹೊಲಿದ ಚೀಲ, ಹೀಗೆ ಒಬ್ಬೊಬ್ಬರದು ಒಂದೊಂದು ಕೈಗೆಲಸ. ಎಲ್ಲರ ಮಾಲೂ ಬಂದು ಬೀಳುವುದು ಕೊಳ್ಳೇಗಾಲದ ನಮ್ಮ ನಡುಮನೆಗೆ. ನಮ್ಮ ಯಜಮಾನರು ಮೊರಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಟಿ.ವಿ. ನೋಡುತ್ತಾರೆ. ಗುಂಪಿಗೊಂದು ವೆಬ್‌ಸೈಟ್ ಬೇಕು, ಅದನ್ನು ನಮ್ಮವರೇ ಒಬ್ಬರು ಕಲಿತು ಮಾಡಬೇಕು ಎಂದು ತೀರ್ಮಾನವಾದ ದಿನ ನಾನು ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದೆ. ಸಭೆಗೆ ಬಾರದವರಿಗೆ ಕೆಲಸ ಒಪ್ಪಿಸುವುದು ಎಲ್ಲ ಕಡೆಯ ಪದ್ಧತಿ. ಹೋಳಿಗೆ ತಿಂದು ಬರುವಷ್ಟರಲ್ಲಿ ನಾನು ಕಂಪ್ಯೂಟರ್ ಕ್ಲಾಸಿಗೆ ಸೇರಿಯಾಗಿತ್ತು.

ಕ್ಲಾಸು ಇದ್ದದ್ದು ಒಂದು ಬಳೆ ಅಂಗಡಿಯ ಮಾಳಿಗೆಯಲ್ಲಿ. ಕಲಿಸುವವಳು ನಸ್ರೀನ್. ನನ್ನ ಮಗಳ ವಯಸ್ಸು, ನನ್ನ ಅತ್ತೆಯ ಗಾಂಭೀರ್ಯ. ಅವಳದೊಂದು ಕ್ರಮವಿತ್ತು: ನಾವು ಎಷ್ಟೇ ತಪ್ಪು ಒತ್ತಿದರೂ ಅವಳ ಕೈ ನಮ್ಮ ಕೀಲಿಮಣೆಯ ಮೇಲೆ ಬರುತ್ತಿರಲಿಲ್ಲ. ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳು. "ನೀವೇ ಹುಡುಕಿ ಅಕ್ಕ, ಅಲ್ಲೇ ಎಲ್ಲೋ ಇದೆ" ಎನ್ನುವಳು. ಮನೆಯಲ್ಲಿ ಮಕ್ಕಳು "ಕೊಡಮ್ಮ ಇಲ್ಲಿ" ಎಂದು ಫೋನು ಕಿತ್ತುಕೊಂಡು ಎರಡು ಸಲ ಒತ್ತಿ ವಾಪಸು ಕೊಡುತ್ತಾರಲ್ಲ, ನಮಗೆ ಏನೂ ತಿಳಿಯುವುದಿಲ್ಲ. ಈ ಹುಡುಗಿಯ ಕಟ್ಟಿದ ಕೈಗಳಿಗೆ ನಾನು ಇವತ್ತಿಗೂ ಋಣಿ.

ಡೇಟಾಬೇಸೆಂದರೆ ದೊಡ್ಡದೇನೋ ಎಂದುಕೊಂಡಿದ್ದೆ. ಅಡ್ಡಸಾಲು, ಉದ್ದಸಾಲು, ಅಷ್ಟೆ. ಉದ್ದಸಾಲಿಗೆ ಕಾಲಂ ಎನ್ನುತ್ತಾರೆ. ಒಂದು ಕಾಲಮ್ಮಿನಲ್ಲಿ ಹೆಸರು, ಇನ್ನೊಂದರಲ್ಲಿ ಊರು. ನಾನು ಹುರುಪಿನಲ್ಲಿ ಎಲ್ಲವನ್ನೂ ಒಂದೇ ಟೇಬಲ್ಲಿಗೆ ತುಂಬಿದೆ. ಅರಿಶಿನವನ್ನೂ ಹಪ್ಪಳವನ್ನೂ ಕೊಡುವ ಅಗರದ ಚಿಕ್ಕತಾಯಮ್ಮನ ಹೆಸರು, ಊರು, ಫೋನು ಎಲ್ಲವನ್ನೂ ಎರಡೆರಡು ಸಲ ಬರೆದೆ.

"ಚಿಕ್ಕತಾಯಮ್ಮನ ಫೋನ್ ನಂಬರ್ ಬದಲಾದ್ರೆ?" ಎಂದಳು ನಸ್ರೀನ್.

"ಎರಡೂ ಕಡೆ ಬದಲಾಯಿಸ್ತೀನಿ."

"ಒಂದು ಕಡೆ ಮರೀತೀರ."

ಮರೆಯುತ್ತೇನೆ, ನಿಜ. ಒಲೆಯ ಮೇಲೆ ಹಾಲಿಟ್ಟು ಮರೆಯುವವಳು. ಹಾಗಾಗಿ ಮನುಷ್ಯರಿಗೆ ಒಂದು ಟೇಬಲ್, ಮಾಲಿಗೆ ಒಂದು ಟೇಬಲ್. ಯಾರ ಮಾಲು ಯಾವುದು ಎಂದು ಎರಡರ ನಡುವೆ ಒಂದು ಗಂಟು. ಗಂಟು ಹಾಕಬೇಕಾದರೆ ಪ್ರತಿಯೊಬ್ಬರಿಗೂ ಬೇರೆ ಯಾರಿಗೂ ಇಲ್ಲದ ಗುರುತೊಂದು ಬೇಕು. ಅದಕ್ಕೆ ಪ್ರೈಮರಿ ಕೀ ಎನ್ನುತ್ತಾರೆ. "ಏನಿಡ್ತೀರ ಯೋಚನೆ ಮಾಡಿ" ಎಂದು ನಸ್ರೀನ್ ಹೋದಳು. ಯೋಚನೆ ಏನು ಬಂತು? ದೇವರು ಕೊಟ್ಟ ಹೆಸರಿದೆಯಲ್ಲ. ಹೆಸರನ್ನೇ ಇಟ್ಟೆ.

ಮೊದಲ ಮಾದೇವಮ್ಮ ಸಲೀಸಾಗಿ ಒಳಗೆ ಹೋದಳು. ಎರಡನೆಯ ಮಾದೇವಮ್ಮನಿಗೆ ಕಂಪ್ಯೂಟರು ಬಾಗಿಲು ತೆಗೆಯಲಿಲ್ಲ. ಈ ಹೆಸರಿನವಳು ಆಗಲೇ ಇದ್ದಾಳೆ ಎಂದು ಕೆಂಪಕ್ಷರದಲ್ಲಿ ಬೈಯಿತು.

ಆಗ ನಾನು ಮಾಡಿದ್ದು ನಮ್ಮ ಕಡೆಯ ಯಾವ ಆಫೀಸಿನವರಾದರೂ ಮಾಡುವುದನ್ನೇ. ಗಂಡನ ಹೆಸರಿನದೊಂದು ಕಾಲಂ ಸೇರಿಸಿದೆ. ಹೆಂಡತಿಯ ಹೆಸರೂ ಗಂಡನ ಹೆಸರೂ ಎರಡೂ ಕೂಡಿ ಒಂದು ಗುರುತು. ಗುರುತಿನ ಕಾಲಂ ಖಾಲಿ ಬಿಡುವಂತಿಲ್ಲ ಎಂಬುದು ಡೇಟಾಬೇಸಿನ ಕಟ್ಟುನಿಟ್ಟು. ಅದರಲ್ಲೇನು, ಎಲ್ಲರಿಗೂ ಗಂಡ ಇರುತ್ತಾನಲ್ಲ ಎಂದುಕೊಂಡೆ.

ಯಳಂದೂರಿನ ಕಡೆಯ ಅಗರಕ್ಕೆ ಬಸ್ಸಿನಲ್ಲಿ ಹೋಗಿ ಚಿಕ್ಕತಾಯಮ್ಮನನ್ನು ಕೇಳಿದೆ. ಅವಳು ಹಪ್ಪಳ ತಿರುವಿಹಾಕುತ್ತಾ, "ಬೆಟ್ಟದ್ ಮ್ಯಾಲೆ ಕುಂತವ್ನಲ್ಲ, ಅವ್ನ ಎಸ್ರು ಕನವ್ವ" ಎಂದಳು. ಗಂಡನ ಹೆಸರು ಬಾಯಲ್ಲಿ ಹೇಳಬಾರದು, ನೋಡಿ.

"ಯಾವ ಬೆಟ್ಟ? ಮಾದಪ್ಪನದೋ, ರಂಗಪ್ಪನದೋ?"

"ಇಲ್ಲಿ ನಿಂತ್ರೆ ಯಾವ್ದು ಕಾಣ್ತದೋ ಅದು!"

ಪಕ್ಕದ ಮನೆಯವಳು ಗೋಡೆಯಾಚೆಯಿಂದ ಕೂಗಿದಳು: "ರಂಗಸ್ವಾಮಿ ಅಂತ ಬರ್ಕೊಳಿ ಅಕ್ಕ. ನಾನು ಏಳ್ತೀನಿ, ನಂಗೇನು ಅವ್ನು ಗಂಡ್ನಾ?"

"ಆಗಿದ್ರೆ ಗೊತ್ತಾಯ್ತಿತ್ತು ಕಣ್ ಮಗ ನಿಂಗೆ" ಎಂದಳು ಚಿಕ್ಕತಾಯಮ್ಮ, ಹಪ್ಪಳದಿಂದ ತಲೆಯೆತ್ತದೆ.

ಹೀಗೆ ನಗುನಗುತ್ತ ಎಲ್ಲರ ಗಂಡಂದಿರನ್ನೂ ಕೂಡಿಹಾಕಿದೆ. ಉಳಿದವಳು ತಮಿಳುನಾಡಿನ ಗಡಿಯ ಮಾರ್ಟಳ್ಳಿಯ ಮಾದೇವಮ್ಮ. ಈಚಲು ಚಾಪೆ ಅವಳದು. ಅಷ್ಟು ಬಿಗಿಯಾದ ಹೆಣಿಗೆ ನಮ್ಮ ಗುಂಪಿನಲ್ಲಿ ಬೇರೆ ಯಾರ ಕೈಯಲ್ಲೂ ಬರುವುದಿಲ್ಲ. ಅವಳ ಮನೆ ನಡೆಯುವುದೂ ಆ ಚಾಪೆಯಿಂದಲೇ. ಗಂಡ ಎಷ್ಟೋ ವರ್ಷದ ಹಿಂದೆ ತಮಿಳುನಾಡಿನ ಕಡೆ ಕೆಲಸಕ್ಕೆಂದು ಹೋದವನು, ಮತ್ತೆ ಸುದ್ದಿಯಿಲ್ಲ. ಇದು ನನಗೆ ಗೊತ್ತಿತ್ತು. ಕೇಳಿ ನೋಯಿಸುವುದೇಕೆ ಎಂದು, ಯಾರನ್ನೂ ಕೇಳದೆ ಆ ಜಾಗದಲ್ಲಿ "ಇಲ್ಲ" ಎಂದು ಬರೆದೆ. ಕಂಪ್ಯೂಟರು ಒಪ್ಪಿಕೊಂಡಿತು. ನಾನೂ ಜಾಣತನ ಮಾಡಿದೆನೆಂದು ಬೀಗಿದೆ.

ಸೈಟು ಹೇಗೆ ಕಾಣುತ್ತದೆ ನೋಡಲಿ ಎಂದು ಗುಂಪಿನವರ ಫೋನಿಗೆಲ್ಲ ಕಳಿಸಿದೆ. ಚಾಪೆಯ ಚಿತ್ರ ಚೆನ್ನಾಗಿ ಬಂದಿತ್ತು. ಕೆಳಗೆ, "ಮಾದೇವಮ್ಮ, ಮಾರ್ಟಳ್ಳಿ. ಗಂಡ: ಇಲ್ಲ."

ಎರಡನೆಯ ದಿನ ನಾನು ಕ್ಲಾಸಿನಲ್ಲಿದ್ದಾಗ ಅವಳು ಮೆಟ್ಟಿಲು ಹತ್ತಿ ಬಂದಳು. ನಮ್ಮ ಮನೆಗೆ ಹೋಗಿ, ನಾನು ಇಲ್ಲಿರುವುದು ತಿಳಿದು, ತನ್ನ ಚಾಪೆಗಳನ್ನೆಲ್ಲ ಸುರುಳಿ ಸುತ್ತಿ ಹಗ್ಗ ಕಟ್ಟಿ ಹೊತ್ತು ತಂದಿದ್ದಳು. ಬಾಗಿಲಲ್ಲೇ ನಿಂತಳು.

"ಇಲ್ಲ ಅಂದ್ರೆ ಏನಕ್ಕಾ? ಸತ್ತೋದ ಅಂತ್ಲಾ?"

"ಹಂಗಲ್ಲ ಕಣೆ, ಕಂಪ್ಯೂಟ್ರು ಖಾಲಿ ಬಿಡೋಕೆ ಬಿಡಲ್ಲ..."

"ಇದ್ದಾನೋ ಇಲ್ವೋ ನಂಗೇ ಗೊತ್ತಿಲ್ಲ. ನನ್ ಮಾವ ಅಮ್ಮಾಸೆಗೊಂದ್ಸಲ ಬಸ್‌ಸ್ಟ್ಯಾಂಡಿಗೋಗಿ ಕುಂತ್ಕೊಂಡು ಕಾಯ್ತದೆ. ಆ ಮುದ್ಕನ್ ಮುಂದೆ ಯಾರೋ ಇದ್ನ ಓದ್ಬುಟ್ರು. ಉಣ್ಣಲಿಲ್ಲ ಅದು." ಸುರುಳಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು. "ನನ್ ಚಾಪೆ ನಿಮ್ ಕಂಪ್ಯೂಟ್ರಿಗೆ ಬ್ಯಾಡ. ಓಯ್ತೀನಿ."

ಅವಳು ಹೋದರೆ ಚಾಪೆಯೊಂದೇ ಹೋಗುವುದಲ್ಲ ಎಂದು ನನಗೆ ಗೊತ್ತಿತ್ತು. ಹನೂರು ಸಂತೆಯಲ್ಲಿ ಕೇಳಿದ ಬೆಲೆಗೆ ಕೊಟ್ಟು ಬರುತ್ತಿದ್ದ ಹೆಂಗಸು, ನಮ್ಮ ಜೊತೆ ಸೇರಿದ ಮೇಲೆ ತಾನೇ ಬೆಲೆ ಹೇಳಲು ಕಲಿತಿದ್ದಳು. ಆ ಮೆಟ್ಟಿಲಿಳಿದರೆ ಮತ್ತೆ ಹಳೆಯ ಜಾಗಕ್ಕೇ. ಹೇಗಾದರೂ ತಡೆಯಬೇಕಿತ್ತು. "ನಿಮ್ಮಪ್ಪನ ಹೆಸರಾದರೂ ಹಾಕೋಣ" ಎಂದು ತೊದಲಿದೆ.

"ನಮ್ಮಪ್ಪ ಒಂದಿನ ಈಚಲ್ ಗರಿ ಮುಟ್ದೋನಲ್ಲ. ಅವ್ನ ಎಸ್ರು ಯಾತಕ್ಕೆ?"

ನಸ್ರೀನ್ ಆಗ ನನ್ನತ್ತ ತಿರುಗಿದಳು. ಕೈ ಮಾಮೂಲಿನಂತೆ ಹಿಂದೆ ಇತ್ತು. "ಅಕ್ಕ, ಚಾಪೆ ತಗೊಳ್ಳೋರು ಗಂಡನ ಹೆಸರು ಕೇಳ್ತಾರಾ?"

"ಇಲ್ಲ."

"ಕಳಿಸೋದಕ್ಕೆ ಬೇಕಾ?"

"ಬೇಡ. ಆದರೆ ಮಾದೇವಮ್ಮಂದಿರನ್ನ ಬೇರೆ ಬೇರೆ ಮಾಡೋಕೆ..."

"ಅದಕ್ಕೆ ಗಂಡನೇ ಯಾಕೆ? ಒಂದೊಂದು ನಂಬರು ಕೊಡಿ. ಯಾರೂ ಕೇಳದೇ ಇರೋದಕ್ಕೆ ಕಾಲಂ ಯಾಕೆ ಇಡ್ತೀರ?"

ಮದುವೆಯಾದಾಗಿನಿಂದ ಎಷ್ಟು ಕಡೆ ಆ ಕಾಲಂ ತುಂಬಿಸಿದ್ದೇನೋ ಲೆಕ್ಕವಿಲ್ಲ. ಯಾಕೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಬೇರೆಯವರಿಂದ ತುಂಬಿಸಿಕೊಳ್ಳುವ ಸರದಿ ನನ್ನದಾದಾಗಲೂ ಕೇಳಲಿಲ್ಲ.

ಎಲ್ಲರಿಗೂ ಒಂದೊಂದು ನಂಬರು ಕೊಟ್ಟೆ. ಮಾಲಿನ ಗಂಟುಗಳನ್ನೆಲ್ಲ ಬಿಚ್ಚಿ ಆ ನಂಬರುಗಳಿಗೆ ಕಟ್ಟಿದೆ. ಮಾದೇವಮ್ಮ ಚಾಪೆ ಇಳಿಸಲಿಲ್ಲ, ಆದರೆ ಹೋಗಲೂ ಇಲ್ಲ. ಕೊನೆಗೆ ಆ ಕಾಲಮ್ಮನ್ನೇ ಕಿತ್ತುಹಾಕುವ ಆಜ್ಞೆ. ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಒಂದೇ ಏಟಿಗೆ ಮೂರು ತಾಲ್ಲೂಕಿನ ಗಂಡಂದಿರು ಮಾಯ. ನಮ್ಮ ಯಜಮಾನರೂ ಹೋದರು ಅದರಲ್ಲಿ.

ಅವಳನ್ನು ಹತ್ತಿರ ಕರೆದು ತೋರಿಸಿದೆ. ಹೆಸರು, ಊರು, ಪಕ್ಕದಲ್ಲಿ ನಂಬರು.

"ಇದ್ಯಾರ ನಂಬ್ರು?"

"ನಿಂದೇ. ಇನ್ನು ಯಾರಿಗೂ ಕೊಡಲ್ಲ."

"ನಾನು ಗುಂಪು ಬುಟ್ಟೋದ್ರೆ?"

"ಆಗಲೂ ಕೊಡಲ್ಲ" ಎಂದಳು ನಸ್ರೀನ್. "ಒಂದ್ಸಲ ಒಬ್ಬರದಾದ್ರೆ ಅವರದೇ."

ಮಾದೇವಮ್ಮ ತೆರೆಯನ್ನೇ ನೋಡುತ್ತ ನಿಂತಳು. "ಆಮಾ, ಔದಾ? ಗಂಡಸ್ರಿಗಿಂತ ವಾಸಿ ಕಣಕ್ಕಾ ಇದು" ಎಂದು ಸುರುಳಿಯನ್ನು ಹೆಗಲಿಂದ ಇಳಿಸಿದಳು. ಬಸ್ಸಿಗೆ ಮೊದಲು ಮೂವರೂ ಕೆಳಗಿಳಿದು ಟೀ ಕುಡಿದೆವು. ಮಾವನಿಗೆಂದು ಅವಳು ಬನ್ನು ಕಟ್ಟಿಸಿಕೊಂಡಳು.

ಮುಂದಿನ ಸಭೆಯಲ್ಲಿ ನಾನು ಹೆದರುತ್ತಲೇ ವಿಷಯ ತಿಳಿಸಿದೆ. ಚಿಕ್ಕತಾಯಮ್ಮ ಎಲೆಯಡಿಕೆ ಒಂದು ಕೆನ್ನೆಗೆ ತಳ್ಳಿ, "ನನ್ ಗಂಡ ಅದ್ರೊಳಗಿಲ್ವಾ ಈಗ?" ಎಂದಳು.

"ಇಲ್ಲ."

"ಸದ್ಯ. ಒಂದ್ ಕಡೆಯಿಂದಾದ್ರೂ ಓದ."

ಅದಾದ ಮೇಲೆ ಸೈಟಿಗೆ ಬಣ್ಣ ಬಂತು, ಚಿತ್ರಗಳು ಬಂದವು, ದೂರದೂರಿನವರು ಚಾಪೆ ತರಿಸಿಕೊಂಡರು. ನಸ್ರೀನ್ ಮದುವೆಯಾಗಿ ಬೇರೆ ಊರಿಗೆ ಹೋದಳು. ಏನನ್ನಾದರೂ ಹೊಸದಾಗಿ ಶುರುಮಾಡುವಾಗ ಈಗಲೂ ನಾನು ಒಂದು ಗಳಿಗೆ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತೇನೆ. ಮನೆಯವರು ಸೊಂಟನೋವಾ ಎಂದು ಕೇಳುತ್ತಾರೆ.

ಡಾಕ್ಟರು ಕೊಟ್ಟ ಮುಲಾಮು ಹಚ್ಚಿಕೊಂಡು ನಿನ್ನೆ ನಡುಮನೆಯಲ್ಲಿ ಕೂತಿದ್ದಾಗ ಬಿಳಿಗಿರಿರಂಗನ ಬೆಟ್ಟದ ಕಾಡಿನೊಳಗಿನ ಹಾಡಿಯಿಂದ ಕೇತಮ್ಮ ಎಂಬ ಹೊಸಬಳು ಬಂದಳು. ಗುಂಪಿಗೆ ಸೇರುತ್ತಾಳಂತೆ. "ಯಾರ ಮನೆಯವಳವ್ವ ನೀನು" ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. "ಏನು ತಂದಿದ್ದೀಯವ್ವ?" ಎಂದೆ.

ನೆಲ್ಲಿಕಾಯಿ ಉಪ್ಪಿನಕಾಯಿಯ ಜಾಡಿ, ಜೇನುತುಪ್ಪದ ಬಾಟಲಿಗಳು. ಅವಳ ಹೆಸರು ಏರಿಸಿ, ನಂಬರು ಹೇಳಿ, ಉಪ್ಪಿನಕಾಯಿ, ಜೇನು ಎರಡನ್ನೂ ಅದಕ್ಕೆ ಕಟ್ಟಿದೆ. "ನಮ್ಮಲ್ಲಿ ಗಂಡನ ಹೆಸರು ಕೇಳಲ್ಲ" ಎಂದೂ ಹೇಳಿದೆ, ಸ್ವಲ್ಪ ಹೆಮ್ಮೆಯಿಂದಲೇ.

ಕೇತಮ್ಮ ನನ್ನ ಮುಖ ನೋಡಿದಳು. "ಉಪ್ಪಿನ್ಕಾಯಿ ನಂದು. ಜೇನು ನಂದಲ್ಲ ಕಣಕ್ಕ. ಮರ ಅತ್ತಿ ಇಳ್ಸೋನು ಅವ್ನು. ಅವ್ನ ಎಸ್ರೇ ಆಕ್ಬೇಕು."

"ಏನವ್ವ ಅವನ ಹೆಸರು?"

ಸೆರಗನ್ನು ಬಾಯಿಗೆ ಹಿಡಿಯಲಿಲ್ಲ. ಬೆಟ್ಟ ತೋರಿಸಲಿಲ್ಲ. "ಜಡೆಯ" ಎಂದಳು, ಬೀದಿಗೆ ಕೇಳುವಂತೆ.

ಟಿ.ವಿ. ನೋಡುತ್ತಿದ್ದ ನಮ್ಮ ಯಜಮಾನರು ಮೊರಗಳಾಚೆಯಿಂದ ಇಣುಕಿದರು. ನಾನು ಹೊಸದೊಂದು ಸಾಲು ತೆರೆದೆ. ಹೆಂಡತಿಯ ನಂಬರಿನ ಮುಂದಿನ ನಂಬರು ಕೊಟ್ಟು, ಜೇನನ್ನು ಬಿಚ್ಚಿ ಅವನಿಗೆ ಕಟ್ಟಿ, ನಮ್ಮ ಗುಂಪಿನ ಮೊದಲ ಗಂಡಸನ್ನು ಒಳಗೆ ಬಿಟ್ಟುಕೊಂಡೆ.