ಒರೆಸಿದ ಬೋರ್ಡು ವಾಪಸ್ ಬಂತು

ಗೆಳೆಯರೇ, ಇವತ್ತು ಜಯನಗರದ ಕಂಪ್ಯೂಟರ್ ಕ್ಲಾಸಿನಲ್ಲಿ ನನ್ನ ಒಳ್ಳೆಯ ಅಭ್ಯಾಸವೇ ನನಗೆ ಮುಳುವಾಯಿತು. ಎಲ್ಲರೂ ಒಟ್ಟಿಗೆ ಬರೆಯುವ ಆನ್‌ಲೈನ್ ಬೋರ್ಡು ಕಲಿಯುತ್ತಿದ್ದೇವೆ. ನಾನೇ ಮೊದಲು ಹೋಗಿ ತೆರೆದರೆ ಬೋರ್ಡಿನ ತುಂಬ ಬರಹ. ಟೀಚರ್ ಬರುವಷ್ಟರಲ್ಲಿ ಬೋರ್ಡು ಒರೆಸಿಡಬೇಕು ಎಂಬುದು ಸ್ಕೂಲಿನಲ್ಲೇ ಮೈಗೂಡಿದ ಪಾಠ. ಎಲ್ಲವನ್ನೂ ಅಳಿಸಿಬಿಟ್ಟೆ.

ಆಮೇಲೆ ಬಂದ ಕಾಲೇಜು ಹುಡುಗಿ ಕಿರುಚಿದಳು: “ಅಯ್ಯೋ ಆಂಟಿ, ಅದು ನಮ್ಮೆಲ್ಲರ ಪ್ರಾಜೆಕ್ಟು!”

ಮೇಡಂ ಬಂದವರೇ ಏನೋ ಒತ್ತಿದರು, ಅಳಿಸಿದ್ದೆಲ್ಲ ವಾಪಸ್ ಬಂತು. “ಹೆದರ್ಕೋಬೇಡಿ. ಹಳೇದನ್ನ ವಾಪಸ್ ತರೋದೇ ಇವತ್ತಿನ ಪಾಠ. ಅಳಿಸೋಕೆ ಯಾರಾದ್ರೂ ಬೇಕಿತ್ತು” ಅಂದರು. ನನ್ನ ಮರ್ಯಾದೆಯನ್ನೂ ವಾಪಸ್ ತಂದ ಆ ತಾಯಿಗೆ ನೂರು ನಮಸ್ಕಾರ.

ಹೊರಡುವಾಗ ಹುಡುಗಿ ಪ್ರೀತಿಯಿಂದಲೇ ಹೇಳಿದಳು: “ಆಂಟಿ, ನಾಳೆಯಿಂದ ನೀವು ನಿಧಾನಕ್ಕೆ ತಿಂಡಿ ತಿಂದ್ಕೊಂಡೇ ಬನ್ನಿ.”