ಕೊರಳಲ್ಲಿ ಸಕ್ಕರೆ

ಹಳೆಯ ಮಿಕ್ಸರಿನಲ್ಲಿ ಕಲ್ಲು ಸಿಕ್ಕಿಕೊಂಡಂತೆ, ಕರ್ರ್ ಕರ್ರ್. ನನ್ನ ಶುಗರ್ ಗ್ಲೈಡರ್‌ಗಳು ಮನೆಗೆ ಬಂದ ಹೊಸದರಲ್ಲಿ ನಾನು ಕೈ ಚಾಚಿದರೆ ಸಾಕು, ಹೀಗೆ ಬಯ್ಯುತ್ತಿದ್ದವು. ಅಂಗೈಯಗಲದ ಪ್ರಾಣಿಗಳು, ಆಟಿಟ್ಯೂಡ್ ಮಾತ್ರ ನಾನು ಟೀಚರಾಗಿದ್ದ ಕಾನ್ವೆಂಟಿನ ಮದರ್ ಸುಪೀರಿಯರ್‌ದು.

ಮುಂಗಾಲಿಗೂ ಹಿಂಗಾಲಿಗೂ ನಡುವೆ ತೊಗಲಿನ ಶಾಲು ಬಿಚ್ಚಿ ಕಪಾಟಿನಿಂದ ಕರ್ಟನ್ನಿಗೆ ತೇಲುತ್ತವೆ. ಆಸ್ಟ್ರೇಲಿಯಾದ ಕಾಡಿನ ಜೀವ ಜೇವರ್ಗಿ ಕಾಲೋನಿಯ ಕಿಟಕಿಯಲ್ಲಿ ನೇತಾಡುವುದನ್ನು ಕಂಡಾಗೆಲ್ಲ, ನಾನು ಜಿಯಾಗ್ರಫಿ ಕಲಿಸಿದ್ದೇ ತಪ್ಪೇನೋ ಅನ್ನಿಸುತ್ತಿತ್ತು. ಒಬ್ಬ ಸಕ್ಕರೆ, ಒಬ್ಬಳು ಬೆಲ್ಲ.

ಬೆಲ್ಲ ಸತ್ತಳು. ಗುಂಪಿನಲ್ಲಿ ಬಾಳುವ ಜಾತಿ. ಸಕ್ಕರೆ ತಿನ್ನುವುದು ಬಿಟ್ಟ, ತನ್ನ ಬಾಲದ ಕೂದಲು ತಾನೇ ಕಿತ್ತುಕೊಳ್ಳತೊಡಗಿದ. "ಜೋಡಿ ಮಾಡ್ರಿ ಮೇಡಂ, ಒಂಟಿ ಇದ್ರ ಉಳಿಯಂಗಿಲ್ಲ" ಎಂದರು ಡಾಕ್ಟರು. ಈ ವಯಸ್ಸಿನಲ್ಲಿ ಹೊಸ ಮರಿ ತಂದರೆ ಅದು ನನಗಿಂತ ಹೆಚ್ಚು ಬಾಳೀತು. ಆ ಜೋಡಿ ನಾನೇ ಏಕಾಗಬಾರದು? ಬಿಳಿ ಅರಿವೆಯ ಚೀಲ ಹೊಲಿದು ಕೊರಳಿಗೆ ಕಟ್ಟಿಕೊಂಡೆ. ಹಗಲೆಲ್ಲ ಅದರಲ್ಲೇ ಅವನ ನಿದ್ದೆ. ಎಷ್ಟೋ ವರ್ಷದ ಮೇಲೆ ನನ್ನೆದೆಯ ಮೇಲೆ ಇನ್ನೊಬ್ಬರ ಉಸಿರು. ಐ ಮಸ್ಟ್ ಕನ್ಫೆಸ್, ಹಿತವಾಗಿತ್ತು.

ಹಾಗೇ ಕಮಲಾಪುರಕ್ಕೆ, ದೊಡ್ಡಮ್ಮನ ಮಗಳು ನೀಲಕ್ಕನ ಮನೆಗೆ ಹೋದೆ. ನಮ್ಮಲ್ಲಿ ಇಷ್ಟಲಿಂಗವನ್ನು ಹೀಗೇ ಬಿಳಿ ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಳ್ಳುವುದು. ನಾನು ಕಟ್ಟುವುದನ್ನು ಬಿಟ್ಟು ಯಾವ ಕಾಲವಾಯಿತೋ. ಚೀಲ ಕಂಡದ್ದೇ ನೀಲಕ್ಕನ ಕಣ್ಣು ತುಂಬಿತು.

"ಅಂತೂ ಬುದ್ಧಿ ಬಂತಲ್ಲವ್ವಾ ಕಾನ್ವೆಂಟಿನಕಿಗಿ!"

ನಾನು ಬಾಯಿ ಬಿಡುವಷ್ಟರಲ್ಲಿ ಮಣೆ, ವಿಭೂತಿ, ಪತ್ರಿ ಎಲ್ಲ ಬಂದವು. ಆಕೆ ಬಗ್ಗಿ ಕೈಮುಗಿದಳು. ಚೀಲ ಕರ್ರ್ ಎಂದಿತು.

"ಅಯ್ಯ ಶಿವನ! ಇಲಿ ಕಟಗೊಂಡು ಬಂದೀಯೇನ ತಂಗಿ?"

ನಕ್ಕು ನಕ್ಕು ಇಬ್ಬರಿಗೂ ಕೆಮ್ಮು ಹತ್ತಿತು. ಆಮೇಲೆ ಕೆಂಪು ಬಾಳೆಹಣ್ಣಿನ ಚೂರು ಹಿಡಿದಳು. ಅವನು ಮೂಸಿ ಒಳಗೆ ಸರಿದ. ಬೋಳು ಬಾಲ ನೋಡಿ ನೀಲಕ್ಕ ಹಣ್ಣು ಕೆಳಗಿಟ್ಟಳು.

"ಖರೇ ಹೇಳು. ನೀ ಇದನ್ನ ಸಂಭಾಳಸಾಕತ್ತೀಯೋ, ಇದು ನಿನ್ನ ಸಂಭಾಳಸಾಕತ್ತದೋ?"

ವಾಪಸು ಬರುವ ಬಸ್ಸಿನಲ್ಲಿ ಚೀಲ ಬಿಡಿಸಿ ನೋಡಿದೆ. ಮಡಿಲ ತುಂಬ ಕಿತ್ತ ಕೂದಲು. ಹಿತವಾದದ್ದು ನನಗೊಬ್ಬಳಿಗೇ.

ನಮ್ಮೂರಿನ ರೋಜಾ ಬಡಾವಣೆಯ ಹತ್ತಿರ ಶಾಹೀನ್ ಎಂಬ ಹೆಣ್ಣುಮಗಳ ಮನೆಯಲ್ಲಿ ಇವುಗಳ ದೊಡ್ಡ ಸಂಸಾರವೇ ಇದೆ. ಅವನನ್ನು ಅಲ್ಲಿ ಕೊಟ್ಟು ಬಂದೆ. ಮೊದಲು ಪಂಜರಕ್ಕೆ ಪಂಜರ ತಾಗಿಸಿಟ್ಟು, ಒಬ್ಬರ ವಾಸನೆ ಒಬ್ಬರಿಗೆ ಹಿಡಿಸಿ, ಆಮೇಲೆ ಕೂಡಿಸುವುದಂತೆ. ನಮ್ಮ ಸಂಬಂಧಗಳನ್ನು ಇಷ್ಟು ಜೋಪಾನವಾಗಿ ಯಾರು ಕುದುರಿಸುತ್ತಾರೆ?

ಕೆಲವು ವಾರ ಬಿಟ್ಟು ಹೋದೆ. "ಫಿಕರ್ ಮಾಡಬ್ಯಾಡ್ರಿ ಅಮ್ಮಾ, ಈಗ ಛಲೋ ತಿಂತಾನ. ಬಾಲಕ್ಕ ಕೂದಲಾನೂ ಬಂದಾವ" ಎನ್ನುತ್ತ ಶಾಹೀನ್ ಪಂಜರದ ಪರದೆ ಸರಿಸಿದಳು. ಒಂದರ ಮೇಲೊಂದು ಬಿದ್ದು ಮಲಗಿದ ಬೂದು ತುಪ್ಪಳದ ರಾಶಿ. ಎಲ್ಲ ಬಾಲಗಳೂ ತುಂಬಿಕೊಂಡಿದ್ದವು. ಸಕ್ಕರೆ ಯಾವನೆಂದು ಗುರುತು ಹತ್ತಲಿಲ್ಲ. ಎಬ್ಬಿಸಲೇ ಎಂದಳು, ಬೇಡವೆಂದೆ. ಇಡೀ ರಾಶಿಗೇ ಮೆಲ್ಲಗೆ ಬೈ ಹೇಳಿ ಬಂದೆ. ಅವನನ್ನು ಕೊನೆಯ ಸಲ ನೋಡಿದ್ದು ಅದೇ.