ಹನ್ನೊಂದು ಗೆಂಡೆ ಮತ್ತು ಯುಗಾದಿಯ ಬೇಳೆ

ನೀರಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಿಲ್ಲ ಎಂಬ ಜಂಬ ನನಗಿತ್ತು. ಅದರಲ್ಲಿ ಮುಕ್ಕಾಲು ಪಾಲು ಈಗಲೂ ಇದೆ. ಹೋದ ಕಾಲು ಪಾಲಿನ ಕತೆ ಇದು.

ತೊಂಬತ್ತರ ದಶಕದ ನಡುವಿನ ಮಾತು. ಕೊಟ್ಟೂರಿನ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಹಡಗಲಿಯ ಮಲ್ಲಿಗೆ ತೋಟದ ಮನೆಯಿಂದ ಆ ಊರಿಗೆ ಸೊಸೆಯಾಗಿ ಬಂದು ನಾಲ್ಕು ವರ್ಷವಾಗಿತ್ತು. ಹಡಗಲಿಯಲ್ಲಿ ಸಿಹಿನೀರು ಕುಡಿದು ಬೆಳೆದವಳು ಇಲ್ಲಿಯ ಸವಳು ಬೋರಿನ ನೀರು ಕುಡಿದು ಮಲಗಿಬಿಡುತ್ತೇನೆ ಎಂದು ತವರಿನವರು ಹೆದರಿದ್ದರು. ನನಗೆ ಒಂದು ಸೀನೂ ಬರಲಿಲ್ಲ. ನನ್ನ ಹೊಟ್ಟೆ ಕಲ್ಲು ಕರಗಿಸುವಂಥದ್ದು ಎಂದು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ.

ತವರಿನ ತೋಟದ ತೊಟ್ಟಿಯಲ್ಲಿ ಮೀನುಗಳಿದ್ದವು. ಅಂಥದೊಂದು ನನಗೂ ಬೇಕೆನಿಸಿ ಹಿತ್ತಲಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿಸಿದೆ. ಲಿಂಗ ಕಟ್ಟಿದ ಮನೆಯ ಹಿತ್ತಲಲ್ಲಿ ಮೀನು ಎಂದು ಓಣಿಯವರಿಗೆಲ್ಲ ನಗು. ಸಾರು ಯಾವಾಗ ಎಂದು ಎದುರು ಮನೆಯವರು ದಿನಾ ಕೇಳುವರು. ಅತ್ತೆ ನಗಲಿಲ್ಲ, ಬೇಡ ಎಂದೂ ಹೇಳಲಿಲ್ಲ. ತೊಟ್ಟಿಯ ಕಡೆ ಹೋಗುವುದನ್ನೇ ಬಿಟ್ಟರು.

ಮೊದಲ ಸಲ ಹೊಸಪೇಟೆಯಿಂದ ತಂದ ಬಂಗಾರದ ಮೀನುಗಳು ಮೂರನೇ ಬೆಳಿಗ್ಗೆ ಹೊಟ್ಟೆ ಮೇಲಾಗಿ ತೇಲಿದವು. ಶಾಲೆಯ ಲ್ಯಾಬಿನಿಂದ ಪಿಎಚ್ ಕಾಗದ ತಂದು ಅದ್ದಿದೆ. ಏಳರ ಹತ್ತಿರ ಇರಬೇಕಾದದ್ದು ಹನ್ನೊಂದು ತೋರಿಸಿ ಕಡುನೀಲಿಗೆ ತಿರುಗಿತು. ಹೊಸ ಸಿಮೆಂಟಿನ ಸುಣ್ಣ ನೀರಿಗೆ ಬಿಟ್ಟುಕೊಂಡಿತ್ತು. ಅದನ್ನು ತಿಳಿಯದ ನಾನು ಮಕ್ಕಳಿಗೆ ಆಮ್ಲ, ಕ್ಷಾರ ಎಂದು ಹಲಗೆಯ ಮೇಲೆ ಬರೆಯುತ್ತಿದ್ದೆ! ಬಾಳೆದಿಂಡಿನ ಹೋಳು, ಹುಣಸೆಹಣ್ಣು ಹಾಕಿ ಮೂರು ವಾರ ತೊಟ್ಟಿ ನೆನೆಸಿ, ವಾರಕ್ಕೊಮ್ಮೆ ನೀರು ಚೆಲ್ಲಿ, ಎರಡನೇ ಸಲ ಮೀನು ತಂದೆ.

ಈ ಸಲ ತೊಂದರೆ ಕೊಟ್ಟದ್ದು ಬೋರಿನ ನೀರು. ಅದರ ಪಿಎಚ್ ಎಂಟೂವರೆ. ಪುಸ್ತಕದಲ್ಲಿ ಏಳು ಎಂದಿತ್ತು, ನನಗೂ ಏಳೇ ಬೇಕಿತ್ತು. ಹುಣಸೆ ಹುಳಿ ಕಿವುಚಿ ಹಾಕಿದರೆ ಸಂಜೆಗೆ ಇಳಿಯುವುದು, ಬೆಳಿಗ್ಗೆ ನೋಡಿದರೆ ಮತ್ತೆ ಎಂಟೂವರೆ. ಗಡಸು ನೀರಿನ ಗುಣವೇ ಅದು. ತನ್ನಲ್ಲಿ ಕರಗಿದ ಸುಣ್ಣದ ಬಲದಿಂದ ಹುಳಿಯನ್ನು ನುಂಗಿ ನುಂಗಿ ತನ್ನ ಜಾಗದಲ್ಲೇ ನಿಲ್ಲುತ್ತದೆ. ಹಟಕ್ಕೆ ಹಟ ಎಂದು ನಾಲ್ಕನೇ ದಿನ ಒಂದು ಪಾತ್ರೆ ಹುಳಿ, ಜತೆಗೆ ಪಟಿಕದ ಪುಡಿ ಸುರಿದೆ. ನೀರಿನ ಬಲ ಮುಗಿಯಿತು, ಪಿಎಚ್ ಒಮ್ಮೆಲೇ ಪಾತಾಳ ಸೇರಿತು. ಸಂಜೆಗೆ ಒಂದೂ ಮೀನು ಉಳಿಯಲಿಲ್ಲ.

ಅವನ್ನು ಹೂಳುವಾಗ ಅತ್ತೆ ಹಿತ್ತಲ ಬಾಗಿಲಿಗೆ ಬಂದರು.

"ಜೀವ ತಂದು ಕೊಲ್ಲಾಕ ನಮ್ಮನಿ ಬ್ಯಾಡ ಯವ್ವಾ," ಎಂದರು. "ಇನ್ನೊಮ್ಮಿ ಸತ್ತರ ಮಣ್ಣು ತುಂಬಿ ಬದನಿ ಹಚ್ಚೂದು."

ಬರೀ ಮಾತಲ್ಲ ಅದು. ಮರುದಿನವೇ ಬದನೆ ಬೀಜ ತರಿಸಿ ಡಬ್ಬಿಯಲ್ಲಿಟ್ಟರು. ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು, ಏಕೆಂದರೆ ಅವರು ಹೇಳಿದ್ದು ಸರಿಯಾಗಿತ್ತು.

ಆಮೇಲೆ ನನಗೆ ಬುದ್ಧಿ ಬಂತು. ಮೀನಿಗೆ ತಕ್ಕಂತೆ ನೀರನ್ನು ತಿದ್ದುವ ಬದಲು ನೀರಿಗೆ ತಕ್ಕ ಮೀನು ಹುಡುಕಿದೆ. ತಂಬ್ರಹಳ್ಳಿ ಕಡೆಯ ಕೆರೆಯೊಂದರ ನೀರನ್ನು ಬಾಟಲಿಯಲ್ಲಿ ತಂದು ಪರೀಕ್ಷಿಸಿದರೆ ಹೆಚ್ಚುಕಡಿಮೆ ನಮ್ಮ ಬೋರಿನದೇ ಲೆಕ್ಕ. ದೀಪಾವಳಿ ಹೊತ್ತಿಗೆ ನನ್ನವರು ಅಲ್ಲಿಂದ ಹನ್ನೊಂದು ಗೆಂಡೆ ಮರಿ ತಂದರು. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುವುದು, ಉಳಿದಂತೆ ಕೈಕಟ್ಟಿ ಕೂರುವುದು. ಮೀನು ಸಾಕುವುದರಲ್ಲಿ ನನಗೆ ಅತ್ಯಂತ ಕಷ್ಟವಾದದ್ದು ಈ ಕೈಕಟ್ಟಿ ಕೂರುವ ಕೆಲಸ. ಗೆಂಡೆಗಳು ಗೇಣುದ್ದ ಬೆಳೆದವು.

ನಮ್ಮ ಮನೆಯಲ್ಲಿ ಬೋರಿನ ನೀರು ಕುಡಿಯಲು, ಬಳಸಲು; ಸಿಹಿನೀರು ಪೂಜೆಗೆ ಮತ್ತು ಬೇಳೆಗೆ. ಗಡಸು ನೀರಲ್ಲಿ ಬೇಳೆ ಬೇಯುವುದಿಲ್ಲ. ತರಗತಿಯಲ್ಲಿ ನಾನು ಸೋಪಿನ ನೊರೆ ಎಬ್ಬಿಸಿ ಗಡಸುತನ ತೋರಿಸಿದರೆ, ಅತ್ತೆ ಎರಡು ಕಾಳು ಬೇಳೆ ಹಿಚುಕಿ ನೋಡಿ ತೀರ್ಪು ಕೊಡುವರು. ನಿಮ್ಮ ಲ್ಯಾಬು ಅಗ್ಗ ಎಂದು ನಾನು ಛೇಡಿಸುತ್ತಿದ್ದೆ. ಆ ಸಿಹಿನೀರು ಊರಾಚೆಯ ಹೊಲದ ಬಾವಿಯಿಂದ ಎತ್ತಿನ ಬಂಡಿಯ ಪೀಪಾಯಿಯಲ್ಲಿ ಬರುತ್ತಿತ್ತು. ಅಮಾವಾಸ್ಯೆಗೆ ಎತ್ತು ಹೂಡುವುದಿಲ್ಲ, ಮರುದಿನ ಯುಗಾದಿಗೂ ಹೂಡುವುದಿಲ್ಲ. ಹಾಗಾಗಿ ಅಮಾವಾಸ್ಯೆಯ ಹಿಂದಿನ ದಿನವೇ ಹಬ್ಬಕ್ಕೆಂದು ಆರು ಕೊಡ ತುಂಬಿ ಬಾಯಿಗೆ ಬಟ್ಟೆ ಕಟ್ಟಿಡುವುದು ಅತ್ತೆಯ ರೂಢಿ. ಆ ಕೊಡಗಳನ್ನು ಮುಟ್ಟುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಆ ವರ್ಷವೂ ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಬಂಡಿ ಬಂದು ಹೋಯಿತು. ಹಿತ್ತಲ ಗೋಡೆಗೆ ಮಾತ್ರ ಸುಣ್ಣ ಬಳಿಯುವುದು ಉಳಿದಿತ್ತು. ಸುಣ್ಣದ ಕಲ್ಲನ್ನು ಮಣ್ಣಿನ ಬಾನಿಯಲ್ಲಿ ನೆನೆಹಾಕಲು ಅತ್ತೆ ಹೇಳಿದರು. ಬಾನಿ ಹುಡುಕಲು ನನಗೆ ಪುರಸೊತ್ತಿಲ್ಲ. ಪರೀಕ್ಷೆಯ ಕೆಲಸಕ್ಕೆ ಹಗರಿಬೊಮ್ಮನಹಳ್ಳಿಯ ಬಸ್ಸು ಹಿಡಿಯಬೇಕಿತ್ತು. ಹಳೆಯ ಪ್ಲಾಸ್ಟಿಕ್ ಬಕೆಟ್ಟಿಗೆ ಕಲ್ಲು ಹಾಕಿ, ನೀರು ಸುರಿದು, ಕೈಗೆ ಹತ್ತಿರವೆಂದು ತೊಟ್ಟಿಯ ಕಟ್ಟೆಯ ಮೇಲಿಟ್ಟು ಓಡಿದೆ. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕೊತಕೊತ ಕುದಿಯುತ್ತದೆ. ಒಂಬತ್ತನೇ ತರಗತಿಗೆ ಆ ಪಾಠವನ್ನು ಮಾಡಿದವಳು ನಾನೇ.

ಸಂಜೆ ಬಂದಾಗ ಕಟ್ಟೆಯ ಮೇಲೆ ತಳ ಕರಗಿ ಸೊಟ್ಟಗಾದ ಬಕೆಟ್ಟಿತ್ತು. ತೊಟ್ಟಿಯ ನೀರು ಹಾಲಿನಂತೆ ಬೆಳ್ಳಗಾಗಿತ್ತು. ಮೀನಿಗಿಂತ ಮೊದಲು ನನಗೆ ನೆನಪಾದದ್ದು ಬದನೆ ಬೀಜದ ಡಬ್ಬಿ.

ಬಚ್ಚಲ ಬಾಗಿಲಲ್ಲಿ, ಬಟ್ಟೆ ಒಗೆಯುವ ದೊಡ್ಡ ಟಬ್ಬಿನ ಪಕ್ಕ, ಅತ್ತೆ ಕೂತಿದ್ದರು. ಮಂಡಿಯವರೆಗೆ ಸೀರೆ ಒದ್ದೆ. ಸೆರಗಿನ ತುದಿಯಲ್ಲಿ ಕೆಂಪು ಕಲೆ ಕಂಡು ರಕ್ತವೆಂದು ಬೆಚ್ಚಿದೆ.

"ಅರಿಷಿಣ ಅದು," ಎಂದರು. "ಹನ್ನೊಂದೂ ಅದಾವು, ಎಣಿಸಿಕೋ."

ಎಣಿಸಿದೆ. ಎರಡು ಸಲ ಎಣಿಸಿದೆ. ಹನ್ನೊಂದೂ ಇದ್ದವು, ಕಿವಿರು ಆಡಿಸುತ್ತಿದ್ದವು.

ನಡೆದದ್ದನ್ನು ಅವರು ಆಮೇಲೆ ನಿಧಾನವಾಗಿ ಹೇಳಿದರು. ಮಧ್ಯಾಹ್ನ ಹಿತ್ತಲಿಗೆ ಬಂದಾಗ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದವಂತೆ. ಸುಣ್ಣ ಎಷ್ಟು ಇಳಿದಿದೆಯೋ ನೋಡೋಣವೆಂದು ಸೆರಗು ಅದ್ದಿ ಅರಿಷಿಣ ತಿಕ್ಕಿದರಂತೆ. ಅರಿಷಿಣಕ್ಕೆ ಸುಣ್ಣ ಸೋಕಿದರೆ ಕೆಂಪಾಗುವುದು ಆರತಿ ನೀರು ಕಲಸಿದ ಕೈಗೆ ಗೊತ್ತಿಲ್ಲದ್ದೇನಲ್ಲ. ಕೂಡಲೇ ತೊಟ್ಟಿಗಿಳಿದು ಅದೇ ಸೆರಗಿನಲ್ಲಿ ಒಂದೊಂದನ್ನೇ ಬಾಚಿ ತೆಗೆದಿದ್ದರು, ಜನ್ಮದಲ್ಲಿ ಮೀನು ಮುಟ್ಟದ ಹೆಂಗಸು. ಹಾಕಲು ನೀರು? ಬೆಳಿಗ್ಗೆಯಿಂದ ಕರೆಂಟಿಲ್ಲ, ಬೋರು ಓಡುವಂತಿಲ್ಲ. ಹಂಡೆಯ ತಳದಲ್ಲಿ ನಾಲ್ಕು ಚರಿಗೆ ಬೋರಿನ ನೀರು ಉಳಿದಿತ್ತು, ಅಷ್ಟೇ. ಅದನ್ನು ಮೊದಲು ಟಬ್ಬಿಗೆ ಸುರಿದರಂತೆ.

ನಾನು ಅಡುಗೆಮನೆಗೆ ಹೋಗಿ ನೋಡಿದೆ. ಆರೂ ಕೊಡಗಳು ಬೋರಲು ಬಿದ್ದಿದ್ದವು. ಪೂಜೆಯ ಕೊಡದ ಬಟ್ಟೆ ಗೂಟದಲ್ಲಿ ನೇತಾಡುತ್ತಿತ್ತು.

ಬೇಡವಾದ ಮೀನುಗಳು ತಾವಾಗಿಯೇ ಸಾಯುತ್ತಿದ್ದಾಗ ಅವರು ಸುಮ್ಮನೆ ಒಳಗೆ ಹೋಗಬಹುದಿತ್ತು. ತಪ್ಪು ನನ್ನದು, ಯಾರೂ ಅವರನ್ನು ಕೇಳುತ್ತಿರಲಿಲ್ಲ. ನನಗೆ ಅಳು ಬಂತು. ಅಳು ಬಂದಾಗ ಪ್ರಶ್ನೆ ಕೇಳುವುದು ನನ್ನ ಅಭ್ಯಾಸ, ಕೇಳಿದೆ. ಬರೀ ಸಿಹಿನೀರಿಗೆ ಹಾಕಿದ್ದರೆ ಗಡಸು ನೀರಲ್ಲಿ ಬೆಳೆದ ಇವು ಒಮ್ಮೆಲೇ ಆದ ಬದಲಾವಣೆಗೆ ಸತ್ತುಹೋಗುತ್ತಿದ್ದವು. ಹಂಡೆಯ ಆ ನಾಲ್ಕು ಚರಿಗೆ ಬೆರೆಸಬೇಕೆಂದು ನಿಮಗೆ ಯಾರು ಹೇಳಿದರು?

"ಯಾರು ಹೇಳಬೇಕು," ಎಂದರು ಅತ್ತೆ, ಸೀರೆ ಹಿಂಡುತ್ತ. "ನೀ ಹಡಗಲಿಯಿಂದ ಬಂದಾಗ ತಿಂಗಳೊಪ್ಪತ್ತು ನಿನ್ನ ಕುಡಿಯೋ ಕೊಡಕ್ಕ ಸಿಹಿನೀರ ಹಾಕ್ತಿದ್ನಿ. ದಿನಾ ಒಂದು ಚರಿಗಿ ತಗದು ಒಂದು ಚರಿಗಿ ಸವಳು ಬೆರಸೂದು. ಒಂದಿನಾನರ ಬ್ಯಾನಿ ಬಿದ್ದೇನು?"

ಕಲ್ಲು ಕರಗಿಸುವ ಹೊಟ್ಟೆಯವಳು ನಾನು ಒಳಗೆ ಹೋಗಿ ಅವರಿಗೆ ಒಣಗಿದ ಸೀರೆ ತಂದುಕೊಟ್ಟೆ.

ಕರೆಂಟು ಬಂದ ಮೇಲೆ ತೊಟ್ಟಿ ತೊಳೆದು ಬೋರಿನ ನೀರು ತುಂಬಿದೆವು. ಟಬ್ಬಿಗೂ ಅದನ್ನೇ ಚರಿಗೆ ಚರಿಗೆಯಾಗಿ ಬೆರೆಸುತ್ತ ಹೋಗಿ ಮರುದಿನ ಮೀನುಗಳನ್ನು ಬಿಟ್ಟೆ. ಯುಗಾದಿಯ ಬೆಳಿಗ್ಗೆ ನನ್ನವರು ಸೈಕಲ್ಲಿನಲ್ಲಿ ಒಂದು ಕೊಡ ಸಿಹಿನೀರು ತಂದರು, ಅದು ಪೂಜೆಗೆ ಸರಿಹೋಯಿತು. ಹೋಳಿಗೆಯ ಕಡಲೆಬೇಳೆ ಬೋರಿನ ನೀರಿನಲ್ಲೇ ಬೇಯಬೇಕಾಯಿತು, ಅಂದರೆ ಬೇಯಲಿಲ್ಲ. ರುಬ್ಬಿದರೂ ಹೂರಣ ತರಿತರಿಯಾಗಿಯೇ ಉಳಿಯಿತು. ಲಟ್ಟಿಸಿದ ಹೋಳಿಗೆಗಳೆಲ್ಲ ಹರಿದವು. ಹಬ್ಬದ ಹೋಳಿಗೆಗೆ ಓಣಿಯಲ್ಲೇ ಹೆಸರಾದ ಅತ್ತೆ ಆ ವರ್ಷ ಯಾರ ಮನೆಗೂ ಹೋಳಿಗೆ ಕಳಿಸಲಿಲ್ಲ.

ಊಟಕ್ಕೆ ಕೂತ ನನ್ನವರು ಮೊದಲ ತುತ್ತಿಗೇ ತಾಯಿಯ ಮುಖ ನೋಡಿದರು.

"ಸುಮ್ಮನ ಉಣ್ಣು," ಎಂದರು ಅತ್ತೆ.

ನಾನು ಮೂರು ಹೋಳಿಗೆ ತಿಂದೆ. ಹಲ್ಲಿಗೆ ಸಿಕ್ಕ ಒಂದೊಂದು ಬೇಳೆಯನ್ನೂ ಅಗಿದು ನುಂಗಿ, ನಾಲ್ಕನೆಯದನ್ನು ಕೇಳಿ ಹಾಕಿಸಿಕೊಂಡೆ.